ಓವನ್ ಇಲ್ಲದ ಮನೆಯಲ್ಲಿ ಕ್ರಿಸ್‌ಮಸ್‌ಗೆ ಏನು ಮಾಡಿ ಕೊಡಬಹುದು?

ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು. ಮದುವೆಯಾಗಿ ಚಿಕ್ಕಮಗಳೂರಿಗೆ ಬಂದಿದ್ದೀರಿ. ಬಾಡಿಗೆ ಮನೆ, ಓವನ್ ಇಲ್ಲ, ಈ ಊರಲ್ಲಿ ಇದೇ ಮೊದಲ ಕ್ರಿಸ್‌ಮಸ್. ಬೀದಿಯ ಹತ್ತು ಮನೆಗೆ ಕೈಯಾರೆ ಮಾಡಿದ್ದನ್ನೇ ಕೊಡುವ ಆಸೆ. ಅದಕ್ಕೆ ಕೇಕ್, ಕ್ರೋಶಾ, ಮೇಣದಬತ್ತಿ ಮೂರನ್ನೂ ಒಂದೇ ತಿಂಗಳಲ್ಲಿ ಕಲಿಯಬೇಕು, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ.

ಮೂರರಲ್ಲಿ ಒಂದನ್ನು ಮಾತ್ರ ಕಲಿಯಿರಿ. ಉಳಿದದ್ದು ನಿಮಗೆ ಆಗಲೇ ಬರುವ ಕೆಲಸ ಆಗಿರಲಿ. ಇದನ್ನು ನಾನು ಅನುಭವಿಸಿ ಹೇಳುತ್ತಿದ್ದೇನೆ. ನಾನೂ ನಿಮ್ಮ ಹಾಗೆ ಮದುವೆಯಾಗಿ ಇಲ್ಲಿಗೆ ಬಂದವಳು. ನನ್ನ ತವರು ಹಾಸನದ ಕಡೆ. ಬಂದ ಮೊದಲ ವರ್ಷ ಎಂಟು ಮನೆಗೆ ಕೇಕ್, ಅಪ್ಪನಿಗೆ ಉಲ್ಲನ್ ಮಫ್ಲರ್, ಜೊತೆಗೆ ಬಣ್ಣದ ಮೇಣದಬತ್ತಿ ಅಂತ ಲೆಕ್ಕ ಹಾಕಿದ್ದೆ. 24ನೇ ತಾರೀಕು ಸಂಜೆ ಕೇಕಿನ ನಡು ಹಸಿ. ಮಫ್ಲರ್ ಅರ್ಧ. ಮೇಣ ಅಚ್ಚಿನಲ್ಲೇ ಸೀಳಿತ್ತು. ರಾತ್ರಿ ಚರ್ಚಿನಲ್ಲಿ ಹಬ್ಬದ ಪ್ರಾರ್ಥನೆಗೆ, ಅಂದರೆ ಬಲಿಪೂಜೆಗೆ ಹೋದಾಗ ನಿಂತಲ್ಲೇ ಕಣ್ಣು ಮುಚ್ಚಿಹೋಗುವಷ್ಟು ಸುಸ್ತು. ಅಪ್ಪನಿಗೆ ಮಫ್ಲರ್ ಸಿಕ್ಕಿದ್ದು ಸಂಕ್ರಾಂತಿ ಕಳೆದ ಮೇಲೆ. ಅವರು ಏನೂ ಅನ್ನಲಿಲ್ಲ, ಆದರೆ ಆ ವರ್ಷದ ಹಬ್ಬ ನನ್ನ ಕೈ ತಪ್ಪಿ ಹೋಯಿತು ಅಂತ ಇವತ್ತಿಗೂ ಅನ್ನಿಸುತ್ತದೆ.

ಇನ್ನೊಂದು ಮಾತು, ಇದು ತುಂಬಾ ಮುಖ್ಯ. ಏನು ಮಾಡಬೇಕು ಅಂತ ಯೋಚಿಸುವ ಮೊದಲು ಯಾರಿಗೆ ಕೊಡುತ್ತೀರಿ ಅಂತ ಒಂದು ಚೀಟಿಯಲ್ಲಿ ಬರೆಯಿರಿ. ನಮ್ಮ ಬೀದಿಗಳಲ್ಲಿ ಮೊಟ್ಟೆ ಮುಟ್ಟದ ಮನೆಗಳು ಎಷ್ಟೋ ಇವೆ. ಮುಸ್ಲಿಂ ಮನೆಗೆ ರಮ್ ಹಾಕಿದ ಕೇಕ್ ಕೊಡುವ ಹಾಗಿಲ್ಲ. ಶುಗರ್ ಇರುವ ಹಿರಿಯರು ಇರುತ್ತಾರೆ. ನಾನು ಒಂದು ಸಲ ಪಕ್ಕದ ಮನೆಯ ಅಜ್ಜಿಗೆ ಮೊಟ್ಟೆ ಹಾಕಿದ ಕೇಕನ್ನು ಹೇಳದೆ ಕೊಟ್ಟುಬಿಟ್ಟಿದ್ದೆ. ಬೇಕಂತ ಮಾಡಿದ್ದಲ್ಲ, ತಲೆಗೇ ಹೊಳೆದಿರಲಿಲ್ಲ. ಅವರು ಬಾಯಿಗೆ ಇಡುವ ಮೊದಲು ಸೊಸೆ ಕೇಳಿದ್ದಕ್ಕೆ ಗೊತ್ತಾಯಿತು. ಅಂದಿನಿಂದ ಪ್ರತಿ ಡಬ್ಬಿಯ ಮೇಲೆ ಚೀಟಿ ಅಂಟಿಸುತ್ತೇನೆ: ಮೊಟ್ಟೆ ಇದೆಯಾ ಇಲ್ಲವಾ, ಯಾವತ್ತು ಮಾಡಿದ್ದು, ಎಷ್ಟು ದಿನ ಇಡಬಹುದು.

ಹಾಗಾಗಿ ಶುಗರ್ ಇರುವವರನ್ನು ಬಿಟ್ಟು ಉಳಿದೆಲ್ಲರಿಗೂ ಸಲ್ಲುವ ತಿಂಡಿ ಅಂದರೆ ಕಲ್‌ಕಲ್. ಕರಾವಳಿಯ ಕೊಂಕಣಿ ಕ್ರೈಸ್ತರು ಇದಕ್ಕೆ ಕಿಡ್ಯೊ ಅನ್ನುತ್ತಾರೆ. ಕಿಡ್ಯೊ ಅಂದರೆ ಹುಳ, ನೋಡೋದಕ್ಕೆ ಹಾಗೇ ಸುರುಳಿ ಸುತ್ತಿಕೊಂಡಿರುತ್ತದೆ. ಅವರ ಹಬ್ಬದ ತಿಂಡಿಗಳ ತಟ್ಟೆಗೆ ಕುಸ್ವಾರ್ ಅಂತ ಹೆಸರು, ಅದರಲ್ಲಿ ಇದು ಇರಲೇಬೇಕು. ಮೊಟ್ಟೆ ಇಲ್ಲ, ಓವನ್ ಬೇಡ, ಚಕ್ಕುಲಿ ನಿಪ್ಪಟ್ಟು ಮಾಡಿ ಗೊತ್ತಿರುವ ಕೈಗೆ ಇದು ಹೊಸದೂ ಅಲ್ಲ.

ಅರ್ಧ ಕೆಜಿ ಮೈದಾಕ್ಕೆ ಎರಡು ಚಮಚ ಚಿರೋಟಿ ರವೆ, ಚಿಟಿಕೆ ಉಪ್ಪು, ಐದಾರು ಚಮಚ ಸಕ್ಕರೆ ಪುಡಿ, ಮೂರು ಚಮಚ ಬಿಸಿ ತುಪ್ಪ ಹಾಕಿ. ಕೈಯಲ್ಲಿ ಚೆನ್ನಾಗಿ ಉಜ್ಜಿ. ಹಿಟ್ಟನ್ನು ಮುಷ್ಟಿ ಹಿಡಿದರೆ ಉಂಡೆಯಾಗಿ ನಿಲ್ಲಬೇಕು. ಆಮೇಲೆ ದಪ್ಪ ತೆಂಗಿನಹಾಲನ್ನು ಸ್ವಲ್ಪ ಸ್ವಲ್ಪವೇ ಹಾಕಿ ಚಪಾತಿ ಹಿಟ್ಟಿಗಿಂತ ಚೂರು ಗಟ್ಟಿಯಾಗಿ ಕಲಸಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ. ಗೋಲಿ ಗಾತ್ರದ ಉಂಡೆಯನ್ನು ಫೋರ್ಕಿನ ಬೆನ್ನ ಮೇಲೆ ಒತ್ತಿ, ಚಪ್ಪಟೆ ಮಾಡಿ, ಹಾಗೇ ಸುರುಳಿ ಸುತ್ತಿ ಬಿಡಿಸಿ. ನಮ್ಮ ಮನೆಯಲ್ಲಿ ಇದಕ್ಕೆ ಅಂತಲೇ ಒಂದು ಹೊಸ ಬಾಚಣಿಗೆ ಎತ್ತಿಟ್ಟಿರುತ್ತಿದ್ದರು, ಅದರಲ್ಲಿ ಗೀರು ಇನ್ನೂ ಚಂದ ಬರುತ್ತದೆ. ಸುರುಳಿಯ ಕೊನೆಯನ್ನು ಸರಿಯಾಗಿ ಒತ್ತದಿದ್ದರೆ ಎಣ್ಣೆಯಲ್ಲಿ ಬಿಚ್ಚಿಕೊಳ್ಳುತ್ತದೆ. ಎಣ್ಣೆಯಲ್ಲಿ ಕರಿಯುವಾಗ ಉರಿ ಮಧ್ಯಮಕ್ಕಿಂತ ಕಮ್ಮಿ ಇರಲಿ. ಜೋರು ಉರಿಯಲ್ಲಿ ಮೇಲೆ ಕೆಂಪಾಗಿ ಒಳಗೆ ಮೆತ್ತಗೆ ಉಳಿಯುತ್ತದೆ, ಎರಡನೇ ದಿನಕ್ಕೇ ಗರಿ ಹೋಗುತ್ತದೆ. ಪೂರ್ತಿ ಆರಿದ ಮೇಲೆ ಡಬ್ಬಿಗೆ ತುಂಬಿದರೆ ಎರಡು ವಾರ ಏನೂ ಆಗುವುದಿಲ್ಲ. ಹಾಗಾಗಿ ಡಿಸೆಂಬರ್ 14-15ಕ್ಕೇ ಮಾಡಿ ಮುಗಿಸಬಹುದು. ಒಬ್ಬರೇ ಕೂರಬೇಡಿ. ಸುರುಳಿ ಸುತ್ತುವುದು ನಾಲ್ಕು ಜನ ಮಾತಾಡುತ್ತಾ ಮಾಡುವ ಕೆಲಸ. ಎದುರು ಮನೆಯ ಮಕ್ಕಳನ್ನು ಕರೆಯಿರಿ. ಹೊಸ ಊರಲ್ಲಿ ಪರಿಚಯ ಆಗುವುದಕ್ಕೆ ಇದಕ್ಕಿಂತ ಒಳ್ಳೆಯ ನೆಪ ನನಗೆ ಗೊತ್ತಿಲ್ಲ.

ಈಗ ಹೊಸದಾಗಿ ಕಲಿಯುವುದು ಯಾವುದು? ನಾನಾದರೆ ಕೇಕ್ ಅನ್ನುತ್ತೇನೆ. ಹತ್ತು ಮನೆಗಲ್ಲ, ನಿಮ್ಮ ಮನೆಗೆ ಒಂದು, ತುಂಬಾ ಹತ್ತಿರದವರಿಗೆ ಒಂದು. ಪ್ಲಮ್ ಕೇಕ್ ಅಂದ ತಕ್ಷಣ ಪ್ಲಮ್ ಹಣ್ಣು ಹುಡುಕಬೇಡಿ. ಹಿಂದೆ ಇಂಗ್ಲೆಂಡಿನಲ್ಲಿ ಒಣದ್ರಾಕ್ಷಿಗೇ ಪ್ಲಮ್ ಅನ್ನುತ್ತಿದ್ದರು, ಆ ಹೆಸರು ಹಾಗೇ ಉಳಿದಿದೆ. ನಮ್ಮ ದೇಶದಲ್ಲಿ ಮೊದಲ ಕ್ರಿಸ್‌ಮಸ್ ಕೇಕ್ ಮಾಡಿದವರು ಕೇರಳದ ತಲಶ್ಶೇರಿಯ ಮಾಂಬಳ್ಳಿ ಬಾಪು, 1883ರಲ್ಲಿ, ಅನ್ನುತ್ತಾರೆ. ಅಲ್ಲಿದ್ದ ಒಬ್ಬ ಬ್ರಿಟಿಷ್ ತೋಟದ ಮಾಲೀಕ ಕೇಕ್ ತೋರಿಸಿ ಹೀಗೇ ಬೇಕು ಅಂದನಂತೆ. ಬಾಪು ವಿದೇಶಿ ಬ್ರಾಂದಿ ಬಿಟ್ಟು ಗೇರುಹಣ್ಣಿನ ಸಾರಾಯಿ, ಊರಿನ ಬಾಳೆಹಣ್ಣು ಹಾಕಿ ಮಾಡಿಕೊಟ್ಟರಂತೆ. ನನಗೆ ಈ ಕಥೆ ತುಂಬಾ ಇಷ್ಟ. ಇದ್ದದ್ದರಲ್ಲೇ ಮಾಡುವುದು ಮೊದಲಿನಿಂದಲೂ ನಡೆದು ಬಂದಿದೆ, ಅಲ್ವಾ?

ಕುಕ್ಕರ್ ಕೇಕಿನ ಲೆಕ್ಕ ಹೀಗೆ. 6 ಇಂಚಿನ ಟಿನ್‌ಗೆ ಮೈದಾ 125 ಗ್ರಾಂ, ಬೆಣ್ಣೆ 100 ಗ್ರಾಂ, ಸಕ್ಕರೆ ಪುಡಿ 100 ಗ್ರಾಂ, ಎರಡು ಮೊಟ್ಟೆ, ಮುಕ್ಕಾಲು ಟೀ ಚಮಚ ಬೇಕಿಂಗ್ ಪೌಡರ್, ಚಕ್ಕೆ, ಲವಂಗ, ಜಾಯಿಕಾಯಿ ಪುಡಿ ಎಲ್ಲ ಸೇರಿ ಅರ್ಧ ಟೀ ಚಮಚ, ನೆನೆಸಿದ ಹಣ್ಣು 150 ಗ್ರಾಂ. ದ್ರಾಕ್ಷಿ, ಖರ್ಜೂರ, ಗೋಡಂಬಿ, ಟೂಟಿ ಫ್ರೂಟಿ ಸಾಕು. ಹಣ್ಣನ್ನು ರಮ್‌ನಲ್ಲಿ ನೆನೆಸಿದರೆ ತಿಂಗಳುಗಟ್ಟಲೆ ಇಡಬಹುದು. ಕಿತ್ತಳೆ ರಸದಲ್ಲಿ ನೆನೆಸುವುದಾದರೆ ಫ್ರಿಜ್‌ನಲ್ಲಿಟ್ಟು ಎರಡು ದಿನದೊಳಗೆ ಬಳಸಿ. ರಸ ಹುಳಿ ಬರುತ್ತದೆ, ಅದನ್ನು ನವೆಂಬರ್‌ನಲ್ಲೇ ನೆನೆಸಿಡಲು ಆಗುವುದಿಲ್ಲ.

ಕೇಕಿಗೆ ಆ ಕಪ್ಪು ಬಣ್ಣ ಬರುವುದು ಸುಟ್ಟ ಸಕ್ಕರೆಯಿಂದ. 50 ಗ್ರಾಂ ಸಕ್ಕರೆಯನ್ನು ದಪ್ಪ ತಳದ ಪಾತ್ರೆಯಲ್ಲಿ ನೀರು ಹಾಕದೆ ಕರಗಿಸಿ, ಕಾಫಿ ಡಿಕಾಕ್ಷನ್ ಬಣ್ಣಕ್ಕೆ ಬಂದಾಗ ಉರಿ ಆರಿಸಿ, ಕಾಲು ಲೋಟ ಬಿಸಿ ನೀರನ್ನು ತುಂಬಾ ನಿಧಾನವಾಗಿ ಹಾಕಿ. ಜೋರಾಗಿ ಸಿಡಿಯುತ್ತದೆ. ಮುಖ ದೂರ ಇಡಿ, ಮಕ್ಕಳು ಹತ್ತಿರ ಇರದಿರಲಿ. ಪೂರ್ತಿ ಆರಿದ ಮೇಲೆ ಬಳಸಿ.

ಡಿಸೆಂಬರ್ ಬೆಳಿಗ್ಗೆ ನಮ್ಮೂರಲ್ಲಿ ಬೆಣ್ಣೆ ಕಲ್ಲಿನ ಹಾಗಿರುತ್ತದೆ. ಬೆಣ್ಣೆ, ಮೊಟ್ಟೆ ಎರಡನ್ನೂ ಹಿಂದಿನ ರಾತ್ರಿಯೇ ಹೊರಗಿಟ್ಟು, ಬೆಳಿಗ್ಗೆ ಒಲೆಯ ಹತ್ತಿರ ಇಡಿ. ತಣ್ಣಗಿದ್ದರೆ ಬೆರೆಸುವಾಗ ಒಡೆದುಕೊಳ್ಳುತ್ತದೆ. ಬೆಣ್ಣೆ ಸಕ್ಕರೆಯನ್ನು ಬಿಳಿಯಾಗುವವರೆಗೆ ನೊರೆ ಬರಿಸಿ, ಮೊಟ್ಟೆ ಒಂದೊಂದಾಗಿ ಹಾಕಿ, ಆಮೇಲೆ ಸುಟ್ಟ ಸಕ್ಕರೆ ನೀರಿನಲ್ಲಿ ಮೂರು ಚಮಚ, ಕೊನೆಗೆ ಬೇಕಿಂಗ್ ಪೌಡರ್, ಮಸಾಲೆ ಪುಡಿ ಸೇರಿಸಿ ಜರಡಿ ಹಿಡಿದ ಮೈದಾ ಮತ್ತು ಹಣ್ಣು. ಹಿಟ್ಟು ದಪ್ಪಗಿರಬೇಕು. ತೆಳುವಾದರೆ ಹಣ್ಣೆಲ್ಲ ಕೆಳಗೆ ಕೂರುತ್ತದೆ.

ಹಳೇ ಕುಕ್ಕರ್ ಇದ್ದರೆ ಅದನ್ನೇ ತೆಗೆದುಕೊಳ್ಳಿ. ಗ್ಯಾಸ್ಕೆಟ್ ಮತ್ತು ವೆಯ್ಟ್ ಎರಡನ್ನೂ ತೆಗೆಯಲೇಬೇಕು, ಇದನ್ನು ಮರೆಯಬೇಡಿ. ತಳಕ್ಕೆ ಒಂದೂವರೆ ಲೋಟ ಕಲ್ಲುಪ್ಪು, ಮೇಲೊಂದು ಸ್ಟ್ಯಾಂಡ್. ನೀರು ಹಾಕುವ ಹಾಗಿಲ್ಲ. ಹತ್ತು ನಿಮಿಷ ಮಧ್ಯಮ ಉರಿಯಲ್ಲಿ ಕಾಯಿಸಿ, ಟಿನ್ ಇಟ್ಟು, ಸಣ್ಣ ಉರಿಯಲ್ಲಿ 50ರಿಂದ 60 ನಿಮಿಷ. ಮೊದಲ 40 ನಿಮಿಷ ಮುಚ್ಚಳ ತೆಗೆಯಬೇಡಿ. ನನ್ನ ಮೊದಲ ಕೇಕಿನ ನಡು ಕುಸಿದದ್ದು ಇದೇ ಕಾರಣಕ್ಕೆ, ಬೆಂದಿದೆಯಾ ಅಂತ ಮೂರು ಸಲ ತೆಗೆದು ನೋಡಿದ್ದೆ. ಒಂದು ಕಡ್ಡಿ ಚುಚ್ಚಿದಾಗ ಹಿಟ್ಟು ಅಂಟದೆ ಬಂದರೆ ಆಯಿತು. ಡಿಸೆಂಬರ್ ಮೊದಲ ವಾರವೇ ಒಂದು ಮಾಡಿ ಮನೆಯಲ್ಲೇ ತಿನ್ನಿ. ಎರಡನೆಯದು ಚೆನ್ನಾಗೇ ಬರುತ್ತದೆ.

ಇನ್ನು ಮೇಣದಬತ್ತಿ. ಅದನ್ನು ಈ ವರ್ಷ ಬಿಡಿ. ಮೇಣವನ್ನು ನೇರ ಉರಿಯ ಮೇಲೆ ಕಾಯಿಸುವ ಹಾಗಿಲ್ಲ, ಬಿಸಿ ನೀರಿನ ಪಾತ್ರೆಯೊಳಗೆ ಇಟ್ಟೇ ಕರಗಿಸಬೇಕು, ಬತ್ತಿಯ ದಪ್ಪ ಸರಿಯಿರಬೇಕು, ಅಚ್ಚು ಬೇಕು. ಗಡಿಬಿಡಿಯ ತಿಂಗಳಲ್ಲಿ ಕಲಿಯುವ ಕೆಲಸ ಅಲ್ಲ.

ಕ್ರೋಶಾ ಮೇಲೆ ತುಂಬಾ ಮನಸ್ಸಿದ್ದರೆ ಮಫ್ಲರ್, ಶಾಲು ಬೇಡ. ನಕ್ಷತ್ರ ಹೆಣೆಯಿರಿ. ಕೈ ಪಳಗಿದ ಮೇಲೆ ಒಂದಕ್ಕೆ ಒಂದು ಸಂಜೆ ಸಾಕು. ಬಿಳಿ ಹತ್ತಿ ದಾರ, 2.5 ಮಿ.ಮೀ. ಕಡ್ಡಿ. ಹೆಣೆದ ನಕ್ಷತ್ರ ಜೋಲು ಬೀಳುತ್ತದೆ, ಅದನ್ನು ಗಟ್ಟಿ ಮಾಡಬೇಕು. ಸಕ್ಕರೆ ನೀರಿನಲ್ಲಿ ಅದ್ದಿ ಅಂತ ಎಷ್ಟೋ ಜನ ಹೇಳುತ್ತಾರೆ. ನಮ್ಮ ಮಲೆನಾಡಲ್ಲಿ ಹಾಗೆ ಮಾಡಿದರೆ ಮಾರನೇ ದಿನಕ್ಕೇ ಇರುವೆ ಸಾಲು. ಸೀರೆಗೆ ಹಾಕುವ ಹಾಗೆ ಅನ್ನದ ಗಂಜಿಯಲ್ಲಿ ಅದ್ದಿ, ಹಲಗೆಯ ಮೇಲೆ ಗುಂಡುಪಿನ್ನು ಚುಚ್ಚಿ ಮೂಲೆಗಳನ್ನು ಎಳೆದು ಬಿಸಿಲಿಗೆ ಇಡಿ. ಕೊರೊನಾ ಬಂದ ವರ್ಷ, 2020ರಲ್ಲಿ, ಮನೆಮನೆಗೆ ತಟ್ಟೆ ತೆಗೆದುಕೊಂಡು ಹೋಗುವುದು ನಿಂತಿತ್ತು. ಆಗ ನಾನು ಕಲಿತದ್ದು ಇದು. ಹನ್ನೊಂದು ನಕ್ಷತ್ರ ಮಾಡಿ, ಬೆಳಿಗ್ಗೆ ಎದ್ದು ಹನ್ನೊಂದು ಗೇಟಿಗೆ ಕಟ್ಟಿ ಬಂದೆ. ಅವುಗಳಲ್ಲಿ ಕೆಲವು ಇವತ್ತಿಗೂ ಆ ಮನೆಗಳ ಬಾಗಿಲಲ್ಲಿ ಕಾಣುತ್ತವೆ. ತುಳಸಿ ಕಟ್ಟೆಯ ಹತ್ತಿರವೂ ಒಂದು ನೇತಾಡುತ್ತಿದೆ.

ಶುಗರ್ ಇರುವವರಿಗೆ ಕಾಫಿಪುಡಿ ಕೊಡಿ. ಕಾಫಿ ಊರಲ್ಲೇ ಕಾಫಿ ಕೊಡುವುದಾ ಅಂತ ಸಂಕೋಚ ಬೇಡ. ಎಂ.ಜಿ. ರಸ್ತೆಯ ಅಂಗಡಿಯಲ್ಲಿ 22-23ನೇ ತಾರೀಕಿಗೆ ಎದುರಿಗೇ ಪೀಬೆರಿ ಬೀಸಿಸಿ, ಚಿಕೋರಿ ಬೇಡ ಅನ್ನಿ. ಹಣ್ಣಿನೊಳಗೆ ಎರಡರ ಬದಲು ಒಂದೇ ದುಂಡನೆ ಬೀಜ ಇದ್ದರೆ ಅದು ಪೀಬೆರಿ. ಮೊದಲೇ ತಂದಿಟ್ಟರೆ ಪರಿಮಳ ಹೋಗುತ್ತದೆ. ನಾಲ್ಕು ಏಲಕ್ಕಿ ಜೊತೆಗಿಟ್ಟು, ನಿಮ್ಮ ಹಳೇ ಸೀರೆಯ ಅಂಚಿನಿಂದ ಒಂದು ಪುಟ್ಟ ಚೀಲ ಹೊಲಿದು ಅದರಲ್ಲಿ ಹಾಕಿ ಕೊಡಿ.

ತೋಟದವರ ಮನೆ ನಿಮ್ಮ ಪಟ್ಟಿಯಲ್ಲಿ ಇದ್ದರೆ ಒಂದು ವಿಷಯ ನೆನಪಿಡಿ. ಡಿಸೆಂಬರ್ ಅಂದರೆ ಅರೇಬಿಕಾ ಕೊಯ್ಲಿನ ಕಾಲ. ಕೂಲಿಗೆ ಹೋಗುವವರಿಗೂ ಮಾಲೀಕರಿಗೂ ಬೆಳಗಿಂದ ಕತ್ತಲಾಗುವವರೆಗೆ ಬಿಡುವಿಲ್ಲ. ಅವರ ಮನೆಗೆ ಸಂಜೆ ಏಳರ ಮೇಲೆ ಹೋಗಿ, ಹೆಚ್ಚು ಹೊತ್ತು ಕೂರಬೇಡಿ. ಅಂಥ ಮನೆಗೆ ನಾನು ಸಿಹಿ ಕಮ್ಮಿ ಮಾಡಿ, ಚಕ್ಕುಲಿ ಜಾಸ್ತಿ ಇಡುತ್ತೇನೆ. ದಣಿದು ಬಂದವರಿಗೆ ಕಾಫಿ ಜೊತೆ ಅದೇ ಹಿತ.

ಮನೆಯ ಗೋದಲಿಗೆ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಗೆ, ಒಂದು ಸಣ್ಣ ಕೆಲಸ ಹೇಳುತ್ತೇನೆ, ಖರ್ಚಿಲ್ಲದ್ದು. ಗೋದಲಿ ಕಟ್ಟುವ ಪದ್ಧತಿ ಶುರುವಾದದ್ದು 1223ರಲ್ಲಿ, ಇಟಲಿಯ ಗ್ರೆಚ್ಚೊ ಅನ್ನುವ ಊರಲ್ಲಿ, ಅಸ್ಸಿಸಿಯ ಸಂತ ಫ್ರಾನ್ಸಿಸ್ ಅವರಿಂದ. ಅಲ್ಲಿ ಹುಲ್ಲು, ದನ, ಕತ್ತೆ ಎಲ್ಲ ನಿಜವಾದದ್ದೇ ಇತ್ತಂತೆ. ನಮ್ಮಲ್ಲಿ ನಿಜವಾದ ಹುಲ್ಲು ಅಂದರೆ ರಾಗಿ ಪೈರು. ಡಿಸೆಂಬರ್ 14ರ ಸುಮಾರಿಗೆ ರಾಗಿಯನ್ನು ಒಂದು ರಾತ್ರಿ ನೆನೆಸಿ, ಹಳೇ ತಟ್ಟೆಯಲ್ಲಿ ತೆಳುವಾಗಿ ಮಣ್ಣು ಹರಡಿ ಒತ್ತಾಗಿ ಚೆಲ್ಲಿ, ಬೆಳಿಗ್ಗೆ ಸಂಜೆ ನೀರು ಚಿಮುಕಿಸಿ. ಹಬ್ಬದ ಹೊತ್ತಿಗೆ ಹಸಿರು ಹುಲ್ಲು ಎದ್ದಿರುತ್ತದೆ. ಅಮ್ಮ ಈ ಕೆಲಸವನ್ನು ಯಾವಾಗಲೂ ಮನೆಯ ಅತಿ ಚಿಕ್ಕ ಮಗುವಿಗೆ ಬಿಡುತ್ತಿದ್ದರು. ಗೋದಲಿಯ ಹೊದಿಕೆಗೆ, ಕೆಳಗೆ ಬಿದ್ದ ಸಿಲ್ವರ್ ಓಕ್ ಮರದ ಎಲೆ ಆರಿಸಿ ತನ್ನಿ, ಹಿಂಬದಿ ಬೆಳ್ಳಗೆ ಹೊಳೆಯುತ್ತದೆ. ಹಣ್ಣಿರುವ ಕಾಫಿ ಕೊಂಬೆಯನ್ನು ಮಾತ್ರ ಚಂದಕ್ಕೆ ಅಂತ ಮುರಿಯಬೇಡಿ. ಅದು ಯಾರದೋ ವರ್ಷದ ದುಡಿಮೆ.

ಕೊಡುವಾಗ ಪ್ಲಾಸ್ಟಿಕ್ ಡಬ್ಬಿ ಬೇಡ. ಸ್ಟೀಲ್ ತಟ್ಟೆಯಲ್ಲಿಟ್ಟು, ಕ್ರೋಶಾ ಬಟ್ಟೆಯೋ ಕರವಸ್ತ್ರವೋ ಮುಚ್ಚಿ ತೆಗೆದುಕೊಂಡು ಹೋಗಿ. ನಮ್ಮ ಬೀದಿಯಲ್ಲಿ ತಟ್ಟೆಯನ್ನು ಖಾಲಿ ವಾಪಸ್ ಕೊಡುವುದಿಲ್ಲ. ಮೂರು ವಾರ ಬಿಟ್ಟು ಸಂಕ್ರಾಂತಿಗೆ ಅದೇ ತಟ್ಟೆ ಎಳ್ಳು ಬೆಲ್ಲ, ಕಬ್ಬಿನ ತುಂಡು ಹೊತ್ತು ನಿಮ್ಮ ಬಾಗಿಲಿಗೆ ಬರುತ್ತದೆ. ತಟ್ಟೆಯ ಹಿಂದೆ ನಿಮ್ಮ ಹೆಸರು ಬರೆಸಿಡಿ, ಹತ್ತು ಮನೆಯ ತಟ್ಟೆಗಳು ಅದಲು ಬದಲಾಗುತ್ತವೆ.

ನಿಮ್ಮ ಕುಕ್ಕರ್ ಎಷ್ಟು ಲೀಟರಿನದು ಅಂತ ತಿಳಿಸಿ. 3 ಲೀಟರ್ ಆದರೆ 6 ಇಂಚಿನ ಟಿನ್ ಹಿಡಿಯುವುದು ಕಷ್ಟ, ಅಳತೆ ಕಮ್ಮಿ ಮಾಡಿ ಬರೆದುಕೊಡುತ್ತೇನೆ.