ಕೆಜಿಎಫ್ ಸೊರಗಿತು, ನರಸಾಪುರ ಬೆಳೆಯಿತು: ಕಾರಣ ಚಿನ್ನವಷ್ಟೇ ಅಲ್ಲ

ಪ್ರಶ್ನೆ: ನಮ್ಮದು ಕೆಜಿಎಫ್‌ನ ಚಾಂಪಿಯನ್ ರೀಫ್ಸ್. ತಾತ, ಅಪ್ಪ ಇಬ್ಬರೂ ಗಣಿಯಲ್ಲಿ ದುಡಿದವರು. ನಾನು ದಿನಾ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿ ಮನೆ ಸೇರುತ್ತೇನೆ. ನಮ್ಮ ಲೈನಿನಲ್ಲಿ, ಅಂದರೆ ಗಣಿ ಕಾರ್ಮಿಕರ ಸಾಲುಮನೆಗಳಲ್ಲಿ, ಎಷ್ಟೋ ಮನೆಗಳಿಗೆ ಬೀಗ ಬಿದ್ದಿದೆ. ಅಪ್ಪನ ಕಾಲದಲ್ಲಿ ರಾಗಿ ಹೊಲವಿದ್ದ ನರಸಾಪುರ, ವೇಮಗಲ್ ಕಡೆ ಈಗ ಕಾರ್ಖಾನೆ, ಪಿಜಿ, ಲೇಔಟು. ಚಿನ್ನ ಮುಗಿದದ್ದೇ ಇದಕ್ಕೆ ಕಾರಣವೇ? ಅಮ್ಮ ಊರು ಬಿಡಲು ಒಪ್ಪುತ್ತಿಲ್ಲ. ಸ್ನೇಹಿತರು ಆ ಕಡೆ ಸೈಟು ತಗೋ ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಚಿನ್ನ ಅರ್ಧ ಕಾರಣ ಮಾತ್ರ. 2001ರ ಫೆಬ್ರುವರಿ 28ರಂದು ಗಣಿ ನಡೆಸುತ್ತಿದ್ದ ಕೇಂದ್ರ ಸರ್ಕಾರದ ಕಂಪನಿ ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದಾಗ ನೆಲದಡಿಯ ಚಿನ್ನ ಪೂರ್ತಿ ಖಾಲಿಯಾಗಿರಲಿಲ್ಲ. ಮೂರು ಕಿಲೋಮೀಟರ್ ಆಳದಿಂದ ಅದಿರು ಎತ್ತುವ ಖರ್ಚು, ಅದರಲ್ಲಿ ಸಿಗುವ ಚಿನ್ನದ ಬೆಲೆಯನ್ನು ಮೀರಿತ್ತು. ಕಸುಬು ಹೋದ ಊರು ಬೇರೆ ಕಸುಬು ಹಿಡಿದು ಚೇತರಿಸಿಕೊಳ್ಳಬಹುದು. ನಿಮ್ಮೂರಿಗೆ ಅದು ಇಷ್ಟು ಕಷ್ಟವಾದದ್ದು ಯಾಕೆಂದರೆ, ಗಣಿಯ ಜೊತೆಗೆ ಊರೂ ಕಂಪನಿಯದೇ ಆಗಿತ್ತು.

ಬ್ರಿಟನ್ನಿನ ಜಾನ್ ಟೇಲರ್ ಕಂಪನಿ 1880ರ ಹೊತ್ತಿಗೆ ಬಂದಾಗಿನಿಂದ ಅಲ್ಲಿ ಆದದ್ದೆಲ್ಲ ಗಣಿಗಾಗಿಯೇ. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಬಂತು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ. ಬೇತಮಂಗಲದಿಂದ ನೀರು, ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ರೈಲು, ದೊಡ್ಡ ಆಸ್ಪತ್ರೆ, ಕಾರ್ಮಿಕರಿಗೆ ಲೈನ್ ಮನೆ. ನಿಮ್ಮ ತಾತ ಅಪ್ಪಂದಿರು ಪ್ರಾಣ ಒತ್ತೆಯಿಟ್ಟು ದುಡಿದರೂ ತಲೆಯ ಮೇಲಿನ ಸೂರಿಗೆ ಅವರ ಹೆಸರಿನ ಪತ್ರ ಇರಲಿಲ್ಲ. ಗಣಿ ಮುಚ್ಚಿದ ದಿನ ಸಂಬಳದ ಜೊತೆಗೆ ಮನೆ, ನೀರು, ಚಿಕಿತ್ಸೆಗಳ ಭರವಸೆಯೂ ಹೋಯಿತು. ಪತ್ರವಿಲ್ಲದ ಮನೆಯನ್ನು ಅಡವಿಟ್ಟು ಅಂಗಡಿ ಹಾಕಲಾಗದು, ಮಾರಿ ಬೇರೆ ಕಡೆ ನೆಲೆಸಲೂ ಆಗದು. ಹಾಗಾಗಿ ಮನೆ ಅಲ್ಲೇ ಉಳಿಯಿತು, ದುಡಿಮೆ ರೈಲು ಹತ್ತಿತು.

ನರಸಾಪುರದ ರೈತನ ಕೈಯಲ್ಲಿ ಪಹಣಿ ಇತ್ತು. ಊರು ಬೆಂಗಳೂರು–ಕೋಲಾರ ಹೆದ್ದಾರಿಯಲ್ಲಿದೆ. ಕೆಜಿಎಫ್‌ಗೆ ಹೋಲಿಸಿದರೆ ಬೆಂಗಳೂರಿಗೆ ಹೆಚ್ಚುಕಡಿಮೆ ಅರ್ಧ ದೂರ. ರಾಜ್ಯದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) ಜಮೀನು ಸ್ವಾಧೀನ ಮಾಡಿ ಕೈಗಾರಿಕಾ ಪ್ರದೇಶ ಮಾಡಿತು. 2013ರಲ್ಲಿ ಹೋಂಡಾ ಸ್ಕೂಟರ್ ಕಾರ್ಖಾನೆ ಶುರುವಾಯಿತು, ಆಮೇಲೆ ವಿಸ್ಟ್ರಾನ್‌ನ ಐಫೋನ್ ಕಾರ್ಖಾನೆ ಬಂತು. 2023ರಲ್ಲಿ ಅದು ಟಾಟಾ ಕೈಗೆ ಹೋಯಿತು. ಹೊಲ ಉಳಿಸಿಕೊಂಡವರು ಅದರಲ್ಲಿ ಬಾಡಿಗೆ ಕೋಣೆ ಕಟ್ಟಿದರು. ಹೊಲವೇ ಇಲ್ಲದ ಕೂಲಿಗಳಿಗೆ ಈ ಬೆಳವಣಿಗೆಯಲ್ಲಿ ಸಿಕ್ಕಿದ್ದು ಕಡಿಮೆ, ಅದನ್ನು ಮರೆಯಬಾರದು. ವೇಮಗಲ್-ಕುರುಗಲ್ ಈಗ ಪಟ್ಟಣ ಪಂಚಾಯಿತಿಯೂ ಆಗಿದೆ.

ಆದರೆ ಈ ಬೆಳವಣಿಗೆಯನ್ನು ಕಂಡು ಮನಸ್ಸು ಪೂರ್ತಿ ಸೋಲುವುದು ಬೇಡ. ಬೆರಳೆಣಿಕೆಯ ಕಾರ್ಖಾನೆಗಳ ಮೇಲೆ ಇಡೀ ಊರಿನ ಬಾಡಿಗೆ ನಿಂತಿರುವುದು ನನಗೆ ಚಿಂತೆಯ ವಿಷಯ. 2020ರ ಡಿಸೆಂಬರಿನಲ್ಲಿ ವೇತನದ ಗಲಾಟೆಯಾಗಿ ಐಫೋನ್ ಕಾರ್ಖಾನೆ ಕೆಲಕಾಲ ನಿಂತೇಹೋಗಿತ್ತು. ನೀರಿನ ಪರಿಸ್ಥಿತಿಯನ್ನೂ ನೋಡಿ: ಕೋಲಾರದ ಕೆರೆಗಳಿಗೆ 2018ರಿಂದ ಹರಿಯುತ್ತಿರುವುದು ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು. ಅಂತರ್ಜಲ ಏರಿತೆಂದು ರೈತರು ಸಂತೋಷಪಡುತ್ತಾರೆ, ಕುಡಿಯಲು ಮಾತ್ರ ಅದು ಆಗದು. ಸಾವಿರಾರು ಜನ ಬಂದು ನೆಲೆಸುವ ಕಡೆ ಕುಡಿಯುವ ನೀರು ಎಲ್ಲಿಂದ ಎಂದು ಮೊದಲೇ ಕೇಳಬೇಕು.

ಇತ್ತ ಕೆಜಿಎಫ್‌ನ ಬಾಗಿಲೂ ಪೂರ್ತಿ ಮುಚ್ಚಿಲ್ಲ. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಬೇತಮಂಗಲದ ಹತ್ತಿರವೇ ಹಾದುಹೋಗುತ್ತದೆ. ಹೊಸಕೋಟೆಯಿಂದ ಅಲ್ಲಿಯವರೆಗಿನ ರಸ್ತೆಯಲ್ಲಿ ವಾಹನ ಓಡುತ್ತಿವೆ. ಸೈನೈಡ್ ಗುಡ್ಡಗಳಿಂದ, ಅಂದರೆ ಅದಿರು ಸಂಸ್ಕರಿಸಿ ಉಳಿದ ಮಣ್ಣಿನ ರಾಶಿಗಳಿಂದ, ಚಿನ್ನ ತೆಗೆಯುವ ಕೇಂದ್ರ ಸರ್ಕಾರದ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿದೆ. ಗುಡ್ಡದ ಚಿನ್ನದ ಮೇಲೆ ನಾನು ಹೆಚ್ಚು ಆಸೆ ಇಟ್ಟಿಲ್ಲ. ಅದಕ್ಕೆ ಬೇಕಾಗುವುದು ಯಂತ್ರ, ಹಿಂದಿನಂತೆ ಸಾವಿರಾರು ಆಳಲ್ಲ. ರಸ್ತೆಯ ಮೇಲೆ ಆಸೆ ಇದೆ. ಆದರೆ ಕೈಗಾರಿಕೆ ಬರುವ ಮೊದಲು ಲೈನ್ ಮನೆಗಳಲ್ಲಿರುವ ಕುಟುಂಬಗಳ ಹಕ್ಕು ಇತ್ಯರ್ಥವಾಗಲೇಬೇಕು. ಇಲ್ಲದಿದ್ದರೆ ಜಮೀನಿನ ಬೆಲೆ ಏರಿದಾಗ ಮೊದಲು ಎದ್ದು ಹೋಗಬೇಕಾದವರು ನಿಮ್ಮ ಅಮ್ಮನಂಥವರೇ.

ಇನ್ನು ನಿಮ್ಮ ಪ್ರಶ್ನೆ. ಅಮ್ಮನನ್ನು ಈಗ ಎಬ್ಬಿಸಬೇಡಿ. ಅಪ್ಪನ ಸೇವಾ ದಾಖಲೆ, ಮನೆ ಹಂಚಿಕೆಯ ಕಾಗದ, ವಿದ್ಯುತ್ ಬಿಲ್ಲು ಎಲ್ಲವನ್ನೂ ಒಂದೆಡೆ ಜೋಪಾನ ಮಾಡಿ. ಅವು ನಾಳೆ ಹಕ್ಕು ಕೇಳಲು ಬೇಕಾಗುತ್ತವೆ. ಸೈಟು ಕೊಳ್ಳುವುದಾದರೆ ಭೂ ಪರಿವರ್ತನೆಯ ಆದೇಶ ಮತ್ತು ಅನುಮೋದಿತ ಲೇಔಟ್ ನಕ್ಷೆ ನೋಡದೆ ಮುಂಗಡ ಕೊಡಬೇಡಿ. ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಾದರೆ ಇ-ಸ್ವತ್ತಿನ (ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆ) ನಮೂನೆ 9 ಮತ್ತು 11ಎ ಇರಬೇಕು. ಕ್ರಮಬದ್ಧ ಅನುಮೋದನೆ ಇಲ್ಲದ ಆಸ್ತಿಗೆ ಕೊಡುವ 11ಬಿ ತೋರಿಸಿ ‘ಇದೂ ಒಂದೇ’ ಎಂದರೆ ಆ ವ್ಯವಹಾರ ಅಲ್ಲಿಗೇ ಬಿಟ್ಟುಬಿಡಿ.