ಉತ್ತರ ತಲೆಕೆಳಗಾಗಿದ್ದು ಎಲ್ಲಿ?

(ಎಕ್ಸ್² − 9)/(ಎಕ್ಸ್ + 2) ಅನ್ನು (ಎಕ್ಸ್ + 3)/(ಎಕ್ಸ್² − 4) ಇಂದ ಭಾಗಿಸಿದರೆ ನಿಮಗೆ 1/((ಎಕ್ಸ್ − 3)(ಎಕ್ಸ್ − 2)) ಬಂತು, ಪುಸ್ತಕದಲ್ಲಿ ಬೇರೆ ಇದೆ ಅಂದಿರಿ ಅಲ್ವಾ? ಅಪವರ್ತನ ಸರಿಯಾಗೇ ಇದೆ. ಆದರೆ ತಿರುಗಿಸಬೇಕಾದ್ದು ಎರಡನೇ ಭಿನ್ನರಾಶಿ, ನೀವು ಮೊದಲನೇದನ್ನು ತಿರುಗಿಸಿದ್ದೀರಿ.

ಎರಡನೇದನ್ನು ತಿರುಗಿಸಿ ಗುಣಿಸಿದರೆ ಮೇಲೆ (ಎಕ್ಸ್ − 3)(ಎಕ್ಸ್ + 3)(ಎಕ್ಸ್ − 2)(ಎಕ್ಸ್ + 2), ಕೆಳಗೆ (ಎಕ್ಸ್ + 2)(ಎಕ್ಸ್ + 3), ಎರಡು ಜೋಡಿ ಹೊಡೆದುಹೋಗಿ (ಎಕ್ಸ್ − 3)(ಎಕ್ಸ್ − 2) ಉಳಿಯುತ್ತದೆ. ಅನುಮಾನ ಇದ್ದರೆ ಸುಮ್ನೆ ಎಕ್ಸ್ = 4 ಹಾಕಿ ನೋಡಿ: 7/6 ÷ 7/12 ಅಂದರೆ 2, ಈ ಉತ್ತರದಲ್ಲೂ 1 × 2 = 2. ನಿಮ್ಮದರಲ್ಲಿ ಅರ್ಧ ಬರುತ್ತದೆ. ನಾನಂತೂ ಹೀಗೆ ಒಂದು ಸಂಖ್ಯೆ ಹಾಕಿ ನೋಡದೆ ಪುಟ ತಿರುಗಿಸುವುದಿಲ್ಲ.

ಹಾಂ, ಎಕ್ಸ್ ಬೆಲೆ 2, −2, −3 ಆಗಬಾರದು ಅಂತ ಪಕ್ಕದಲ್ಲಿ ಬರೆಯಿರಿ. −3 ಯಾಕೆ ಅಂದರೆ, ಆಗ ನೀವು ಭಾಗಿಸುತ್ತಿರುವುದೇ ಸೊನ್ನೆಯಿಂದ.