ನೆಟ್ (ಉಪನ್ಯಾಸಕರ ಅರ್ಹತಾ ಪರೀಕ್ಷೆ) ಆಗಿದೆ, ಅದರಲ್ಲೇ ಹೆಚ್ಚು ಅಂಕ ಬಂದವರಿಗೆ ಸಿಗುವ ಜೆಆರ್‌ಎಫ್ ಫೆಲೋಶಿಪ್ ಇಲ್ಲ. ಪುಣೆಯ ವಿಶ್ವವಿದ್ಯಾಲಯ ಕೊಡುವ ಫೆಲೋಶಿಪ್ ನಂಬಿ ಪಿಎಚ್‌ಡಿ ಸೇರಿದರೆ ಖರ್ಚಿಗೆ ಸಾಕಾಗುತ್ತದೆಯೇ?

ಸಾಕಾಗುತ್ತದೆಯೇ ಅನ್ನುವುದು ಆಮೇಲಿನ ಮಾತು. ಅದು ಯಾವ ತಿಂಗಳಿಂದ ಕೈಗೆ ಬರುತ್ತದೆ ಅಂತ ಕೇಳಿದ್ದೀರಾ? 2017ರಲ್ಲಿ ನಾನು ಕೇಳಲಿಲ್ಲ.

ಆಗ ಧಾರವಾಡದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕನಾಗಿದ್ದೆ. ನಿಮ್ಮ ಹಾಗೆಯೇ ನೆಟ್ ಇತ್ತು, ಜೆಆರ್‌ಎಫ್ ಇರಲಿಲ್ಲ. ಪುಣೆಯಿಂದ ಬಂದ ಪ್ರವೇಶಪತ್ರದಲ್ಲಿ ತಿಂಗಳಿಗೆ 8,000 ಅಂತಿತ್ತು. ಕೆಲಸ ಬಿಟ್ಟು ಆಗಸ್ಟ್‌ನಲ್ಲಿ ಹೊರಟೆ. ಸದಾಶಿವ ಪೇಠೆಯ ಒಂದು ಖೋಲಿಯಲ್ಲಿ, ಎಂಪಿಎಸ್‌ಸಿಗೆ (ಮಹಾರಾಷ್ಟ್ರದ ಸರ್ಕಾರಿ ನೌಕರಿ ಪರೀಕ್ಷೆಗೆ) ಓದುತ್ತಿದ್ದ ಮೂವರು ಹುಡುಗರ ಜೊತೆ ಕಾಟ್ ಬೇಸಿಸ್ ಮೇಲೆ, ಅಂದರೆ ಒಂದು ಮಂಚಕ್ಕಷ್ಟೇ ಬಾಡಿಗೆ ಕೊಟ್ಟು, ಜಾಗ ಹಿಡಿದೆ. ಮೊದಲ ಕಂತು ಬಂದದ್ದು ಮರುವರ್ಷ ಜುಲೈನಲ್ಲಿ.

ತಪ್ಪು ಎಲ್ಲಾಯಿತು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪತ್ರದಲ್ಲಿ ಆ ಮೊತ್ತದ ಮುಂದೆ ಮರಾಠಿಯಲ್ಲಿ 'ನಿಧೀಚ್ಯಾ ಉಪಲಬ್ಧತೇನುಸಾರ' ಅಂತ ಎರಡೇ ಪದ ಇದ್ದವು. ಹಣ ಲಭ್ಯವಿದ್ದಂತೆ ಅಂತ ಅರ್ಥ. ನಿಧಿ, ಉಪಲಬ್ಧ, ಎರಡೂ ನಮ್ಮವೇ ಪದಗಳು, ಅರ್ಥವಾಗದ್ದೇನೂ ಅಲ್ಲ. ಸರ್ಕಾರಿ ಕಾಗದದಲ್ಲಿ ಹೀಗೆ ಬರೆಯುವುದು ರೂಢಿ ಅಂದುಕೊಂಡು ಕಣ್ಣು ಮುಂದಕ್ಕೆ ಓಡಿಸಿದೆ. ಇಡೀ ವಿಷಯ ಆ ಎರಡು ಪದಗಳಲ್ಲೇ ಇತ್ತು. ವಿಶ್ವವಿದ್ಯಾಲಯ ತನ್ನ ಬಜೆಟ್‌ನಿಂದಲೇ ಕೊಡುವ ಹಣ ಅದು. ಬಜೆಟ್ ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ಆಗಸ್ಟ್‌ನಲ್ಲಿ ಸೇರಿದ ನಮಗೆ ಆ ವರ್ಷದ ಲೆಕ್ಕದಲ್ಲಿ ಜಾಗವೇ ಇರಲಿಲ್ಲ. ವಿಭಾಗದಿಂದ ಹಣಕಾಸು ಶಾಖೆಗೆ ಹೋದ ಫೈಲು ಹೊಸ ಬಜೆಟ್ ಬರುವವರೆಗೆ ಅಲ್ಲೇ ಕೂತಿತ್ತು. ಕಚೇರಿಗೆ ಒಂದು ಸಾಲಿನ ಮೇಲ್ ಹಾಕಿದ್ದರೆ, ಹಿಂದಿನ ವರ್ಷ ಸೇರಿದವರಿಬ್ಬರನ್ನು "ನಿಮಗೆ ಮೊದಲ ಹಣ ಯಾವಾಗ ಬಂತು" ಅಂತ ಕೇಳಿದ್ದರೆ, ಎರಡು ದಿನದಲ್ಲಿ ಗೊತ್ತಾಗುತ್ತಿತ್ತು.

ಗೈಡ್ ಹತ್ತಿರವೂ ಕೇಳಲಿಲ್ಲ. "ಗುರುಗಳ ಮುಂದ ರೊಕ್ಕದ ಮಾತು ತೆಗೀಬ್ಯಾಡ" ಅಂತ ಅವ್ವ ಹೇಳಿ ಕಳಿಸಿದ್ದಳು, ನನಗೂ ಅದೇ ಸರಿ ಅನಿಸಿತ್ತು. ಡಿಸೆಂಬರ್‌ನಲ್ಲಿ ತಡೆಯಲಾರದೆ ಹೇಳಿದಾಗ ಅವರು ಪೆನ್ನು ಕೆಳಗಿಟ್ಟರು. ಅವರ ಪ್ರಾಜೆಕ್ಟ್‌ನಲ್ಲಿ ಒಂದು ಫೆಲೋ ಜಾಗ ಇತ್ತಂತೆ, ಸೆಪ್ಟೆಂಬರ್‌ನಲ್ಲಿ ಬೇರೆಯವರಿಗೆ ಕೊಟ್ಟಿದ್ದರು. ಆ ಮಾತು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

ಆ ವರ್ಷ ಅಕ್ಕ ಕಳಿಸಿದ ದುಡ್ಡಿನಲ್ಲಿ, ಕೊಥ್ರೂಡ್‌ನ ಕನ್ನಡದವರ ಮನೆ ಮಕ್ಕಳಿಗೆ ಸಂಜೆ ಪಾಠ ಹೇಳಿ ಕಳೆಯಿತು. ಸಂಶೋಧನೆಗೆ ಅಂತ ಓದಿದ್ದು ಬಹಳ ಕಡಿಮೆ.

ಜೆಆರ್‌ಎಫ್‌ಗೆ ಆಗ ವಯೋಮಿತಿ 28, ನನಗೆ ತುಂಬಿಹೋಗಿತ್ತು. 2018ರಲ್ಲಿ ಅದನ್ನು 30ಕ್ಕೆ ಏರಿಸಿದರು. ಜುಲೈನಲ್ಲಿ ಬರೆದೆ, ಆಗಲಿಲ್ಲ. ರಾಷ್ಟ್ರೀಯ ಪರೀಕ್ಷಾ ಸಂಸ್ಥೆ ಎನ್‌ಟಿಎ ಮೊದಲ ಸಲ ಕಂಪ್ಯೂಟರ್ ಮೇಲೆ ನಡೆಸಿದ ಡಿಸೆಂಬರ್ ಪರೀಕ್ಷೆಯಲ್ಲಿ ಆಯಿತು. 2019ರಲ್ಲಿ ಅದು ತಿಂಗಳಿಗೆ 31,000. ಈಗ ಮೊದಲೆರಡು ವರ್ಷ 37,000, ಆಮೇಲಿನ ಮೂರು ವರ್ಷ 42,000, ಹಾಸ್ಟೆಲ್ ಸಿಗದಿದ್ದರೆ ಮನೆಬಾಡಿಗೆ ಭತ್ಯೆ ಬೇರೆ. ಅದಕ್ಕೂ ಪ್ರತಿ ತಿಂಗಳು ವಿಶ್ವವಿದ್ಯಾಲಯದ ಮೇಕರ್ (ವಿವರ ತುಂಬುವವರು), ಚೆಕರ್ (ಅದನ್ನು ಪರಿಶೀಲಿಸುವವರು) ಇಬ್ಬರೂ ಪೋರ್ಟಲ್‌ನಲ್ಲಿ ದೃಢಪಡಿಸಬೇಕು. ಅವರು ಯಾರು ಅಂತ ಸೇರಿದ ವಾರವೇ ತಿಳಿದುಕೊಳ್ಳಿ.

ಹಾಗಾಗಿ ನನ್ನ ಮಾತು ಇಷ್ಟೇ: ವಯಸ್ಸಿದ್ದರೆ ಇನ್ನೊಂದು ಸಲ ನೆಟ್ ಬರೆಯಿರಿ, ಜೆಆರ್‌ಎಫ್ ಹಿಡಿದುಕೊಂಡೇ ಸೇರಿ. ಒಂದು ವರ್ಷ ಹೋದರೆ ಹೋಗಲಿ. ಸೇರಿಕೊಂಡು ಬರೆಯಬಹುದು ಅಂತ ಹೇಳುವವರಿರುತ್ತಾರೆ. ನಾನು ಹಾಗೇ ಮಾಡಿದವನು, ಬೇಡ ಅನ್ನುತ್ತೇನೆ. ಬಾರ್ಟಿ, ಸಾರಥಿ, ಮಹಾಜ್ಯೋತಿ ಅಂತ ಅಲ್ಲಿ ಹೆಸರು ಕೇಳುತ್ತೀರಿ, ಅವು ಅಲ್ಲಿನ ಸರ್ಕಾರದ ಸಂಸ್ಥೆಗಳು, ಅವುಗಳ ಫೆಲೋಶಿಪ್ ಮಹಾರಾಷ್ಟ್ರದ ನಿವಾಸಿಗಳಿಗೆ. ಇನ್ನೊಂದು: ನಿಮ್ಮದು 2024ರ ಜೂನ್‌ನ ಅಥವಾ ಆಮೇಲಿನ ನೆಟ್ ಆಗಿದ್ದು, ಅದರಲ್ಲಿ 'ಪಿಎಚ್‌ಡಿ ಪ್ರವೇಶಕ್ಕೆ ಮಾತ್ರ' ಅಂತಿದ್ದರೆ ಅದು ಒಂದೇ ವರ್ಷ ನಡೆಯುತ್ತದೆ, ನೋಡಿಕೊಳ್ಳಿ.

ನಿಮ್ಮ ಪತ್ರದಲ್ಲಿ ಮೊತ್ತದ ಮುಂದೆ ಏನು ಬರೆದಿದೆ ಅಂತ ಇಲ್ಲಿ ಹಾಕಿ. ಮರಾಠಿಯಲ್ಲಿದ್ದರೂ ಪರವಾಗಿಲ್ಲ, ಓದಿ ಹೇಳುತ್ತೇನೆ.